ಗ್ಯಾರೇಜ್ ಕಟ್ಟೆ: ಏರ್‌ಬಾಕ್ಸಿಗೆ ತೂತು ಹೊಡೆಯೋ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಮಳೆ ನಿಂತಿದೆ. ಕೋಲಾರದ ಕಡೆ, ಕನಕಪುರದ ಕಡೆ ಮಣ್ಣು ಒಣಗಿದೆ. ಶನಿವಾರ ಬಂತು ಅಂದರೆ ಹುಡುಗರು ಗಾಡಿ ತಗೊಂಡು ಹೊರಡುತ್ತಾರೆ. ಎಲ್ಲರಿಗೂ ಇಂಜಿನ್ನಿಗೆ ಇನ್ನಷ್ಟು ಗಾಳಿ ಬೇಕು. ಅದಕ್ಕೆ ಕೈ ಹಾಕುವುದು ಏರ್‌ಬಾಕ್ಸಿಗೆ, ಅಂದರೆ ಏರ್ ಫಿಲ್ಟರ್ ಕೂತಿರುವ, ಇಂಜಿನ್ ಉಸಿರೆಳೆಯುವ ಡಬ್ಬಿಗೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಗಾಳಿಗೇ. ಚೈನ್, ಟೈರ್ ಬಗ್ಗೆ ಕೇಳಿದವರು ಸ್ವಲ್ಪ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನನ್ನ ಹತ್ತಿರ 2012ರ ಹೀರೋ ಇಂಪಲ್ಸ್ ಇದೆ. ಟ್ರೇಲ್‌ಗೆ (ಮಣ್ಣುದಾರಿಗೆ) ಮಾತ್ರ ಬಳಸುತ್ತೇನೆ. ಏರ್‌ಬಾಕ್ಸ್ ಮುಚ್ಚಳಕ್ಕೆ ದೊಡ್ಡ ತೂತು ಮಾಡಿದರೆ ಪಿಕಪ್ ಬರುತ್ತೆ ಅಂತ ಗೆಳೆಯರು ಹೇಳಿದರು. ಮಾಡಿಸಿದೆ. ಸೌಂಡ್ ಸೂಪರ್ ಆಗಿದೆ. ಆದರೆ ಅರ್ಧ ಥ್ರಾಟಲ್‌ನಲ್ಲಿ ಗಾಡಿ ತಡವರಿಸುತ್ತೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಅನ್ನುತ್ತೆ, ಇಂಜಿನ್ ತುಂಬಾ ಬಿಸಿಯಾಗುತ್ತೆ. ಇನ್ನೂ ದೊಡ್ಡ ತೂತು ಬೇಕಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಬನಶಂಕರಿ

ಉತ್ತರ: ಬೇಡ ಮಾರಾಯ್ರೇ. ಡ್ರಿಲ್ಲನ್ನು ವಾಪಸ್ ಕೊಟ್ಟುಬಿಡಿ.

ನಿಮ್ಮ ಗೆಳೆಯರು ಹೇಳಿದ್ದು ಅರ್ಧ ನಿಜ. ಗಾಳಿ ಜಾಸ್ತಿ ಹೋಗುತ್ತಿದೆ, ಆದರೆ ಅದಕ್ಕೆ ತಕ್ಕ ಪೆಟ್ರೋಲ್ ಹೋಗುತ್ತಿಲ್ಲ. ಇದಕ್ಕೇ ಲೀನ್ ಅನ್ನುವುದು. ತಡವರಿಕೆ, ಪಟಪಟ, ಬಿಸಿ ಮೂರೂ ಲೀನ್ ಆದ ಗಾಡಿಯ ಲಕ್ಷಣಗಳೇ.

'ಕಾರ್ಬೋರೇಟರ್ ಅಲ್ವಾ, ಗಾಳಿ ಜಾಸ್ತಿ ಹೋದರೆ ಪೆಟ್ರೋಲನ್ನೂ ತಾನೇ ಜಾಸ್ತಿ ಎಳೆದುಕೊಳ್ಳುತ್ತೆ' ಅಂತ ಸುಮಾರು ಜನ ನಂಬಿದ್ದಾರೆ. ಹಾಗೆ ಆಗುವುದಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸುವ ಈ ಕಾರ್ಬೋರೇಟರಿನ ಪೆಟ್ರೋಲ್ ನಿಲ್ಲುವ ಬೌಲ್‌ನಲ್ಲಿ ಹೊರಗಿನ ಗಾಳಿಯ ಒತ್ತಡ ಇರುತ್ತೆ. ಗಾಳಿ ಹಾಯುವ ಗಂಟಲಿನಲ್ಲಿ ಒತ್ತಡ ಅದಕ್ಕಿಂತ ಕಡಿಮೆ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಅನ್ನುವ ಸಣ್ಣ ಹಿತ್ತಾಳೆ ತೂತಿನ ಮೂಲಕ ಮೇಲೆ ತಳ್ಳುವುದು. ಏರ್‌ಬಾಕ್ಸಿನ ಬಾಯಿ ಸಣ್ಣದಿದ್ದರೆ ಬಾಕ್ಸಿನ ಒಳಗೂ ಒತ್ತಡ ಚೂರು ಇಳಿದಿರುತ್ತೆ. ಅದೂ ಈ ವ್ಯತ್ಯಾಸಕ್ಕೆ ಸೇರುತ್ತೆ. ಕಂಪನಿಯವರು ಜೆಟ್ ಆರಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮುಚ್ಚಳಕ್ಕೆ ತೂತು ಬಿದ್ದ ತಕ್ಷಣ ಆ ಎಳೆತ ಹೋಯಿತು. ಗಾಳಿ ಸಲೀಸಾಗಿ ಬಂತು, ಪೆಟ್ರೋಲ್ ಮಾತ್ರ ಅದರ ಪ್ರಮಾಣಕ್ಕೆ ಬರಲಿಲ್ಲ.

ಇದರ ಮೇಲೆ ಈಗಿನ ಪೆಟ್ರೋಲ್. ಬರೀ ಪೆಟ್ರೋಲ್ ಆದರೆ ಒಂದು ಗ್ರಾಂಗೆ 14.7 ಗ್ರಾಂ ಗಾಳಿ ಬೇಕು. ಈಗ ಬಂಕ್‌ಗಳಲ್ಲಿ ಹೆಚ್ಚಾಗಿ ಸಿಗುವ ಇ20ಗೆ (ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್) ಸುಮಾರು 13.5 ಗ್ರಾಂ ಸಾಕು. ಅಂದರೆ ಅದೇ ಜೆಟ್ ಇಟ್ಟುಕೊಂಡ ಹಳೇ ಗಾಡಿ ಯಾರೂ ಮುಟ್ಟದೆಯೇ ಸ್ವಲ್ಪ ಲೀನ್ ಆಗಿದೆ. ನಿಮ್ಮ 2012ರ ಗಾಡಿ ತಯಾರಾದಾಗ ಇ20 ಇರಲೇ ಇಲ್ಲ. ನೀವು ಲೀನ್ ಗಾಡಿಯನ್ನು ಇನ್ನಷ್ಟು ಲೀನ್ ಮಾಡಿದ್ದೀರಿ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಆ ತೂತಿಗೆ ಅಲ್ಯೂಮಿನಿಯಂ ಟೇಪ್ ಪೂರ್ತಿ ಅಂಟಿಸಿ ಒಂದು ರೌಂಡ್ ಹೋಗಿ ಬನ್ನಿ. ತಡವರಿಕೆ ಹೋಯಿತಾ? ಹೋದರೆ ಕಾಯಿಲೆ ತೂತಿನದೇ. ಹೋಗದಿದ್ದರೆ ಕಾರ್ಬೋರೇಟರಿಗೂ ಇಂಜಿನ್ ಹೆಡ್‌ಗೂ ನಡುವಿನ ರಬ್ಬರ್ ಬೂಟ್ ಬಿರುಕು ಬಿಟ್ಟಿದೆಯಾ ನೋಡಿ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಅದು ಮಾಮೂಲಿ. ಗಾಡಿ ನಿಲ್ಲಿಸಿ, ಇಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಬೂಟ್ ಸುತ್ತ ನೀರು ಸ್ಪ್ರೇ ಮಾಡಿ. ಇಂಜಿನ್ ಸದ್ದು ಬದಲಾದರೆ ಅಲ್ಲೇ ಗಾಳಿ ಒಳಗೆ ಬರುತ್ತಿದೆ.

ಟೇಪ್ ಹಾಕಿದ ಮೇಲೆ ಗಾಡಿ ಸರಿಹೋದರೆ ನನ್ನ ಸಲಹೆ: ಹಾಗೇ ಬಿಡಿ, ಹೊಸ ಮುಚ್ಚಳ ಹಾಕಿಸಿ. ಇಲ್ಲ, ತೂತು ಇರಲೇಬೇಕು ಅಂತ ಹಟ ಇದ್ದರೆ ಜೆಟ್ಟಿಂಗ್ ಮಾಡಬೇಕು, ಅಂದರೆ ಗಾಳಿಗೆ ತಕ್ಕಂತೆ ಪೆಟ್ರೋಲನ್ನೂ ಏರಿಸಬೇಕು. ಥ್ರಾಟಲ್ ಕಾಲು ಭಾಗದವರೆಗೆ ಪೈಲಟ್ ಅನ್ನುವ ಸಣ್ಣ ಜೆಟ್ಟಿನ ಆಡಳಿತ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅಂದರೆ ಪೆಟ್ರೋಲ್ ದಾರಿಯಲ್ಲಿ ಮೇಲೆ ಕೆಳಗೆ ಆಡುವ ಸೂಜಿ. ಅದರಾಚೆ ಮೇನ್ ಜೆಟ್. ನಿಮ್ಮ ಗಾಡಿ ಅರ್ಧ ಥ್ರಾಟಲ್‌ನಲ್ಲಿ ತಡವರಿಸುತ್ತಿದೆ, ಹಾಗಾಗಿ ನೀಡಲ್ ಎತ್ತಿ ಪೆಟ್ರೋಲ್ ಜಾಸ್ತಿ ಬಿಡಬೇಕು. ನೀಡಲ್‌ನಲ್ಲಿ ಕ್ಲಿಪ್ ಕೂರಲು ಗೀರುಗಳಿದ್ದರೆ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ನೀಡಲ್ ಮೇಲೇರುತ್ತೆ. ನಮ್ಮ ದೇಶದ ಎಷ್ಟೋ ಗಾಡಿಗಳಲ್ಲಿ ಒಂದೇ ಜಾಗ ಇರುತ್ತೆ. ಆಗ ಕ್ಲಿಪ್ ಅಡಿಗೆ ತೆಳ್ಳನೆ ವಾಷರ್ ಕೊಡುತ್ತೇವೆ. ಪಟಪಟಕ್ಕೆ ಪೈಲಟ್ ಕಡೆ ನೋಡಿ. ಕೊನೆಗೆ ಮೇನ್ ಜೆಟ್, ಒಂದೊಂದೇ ನಂಬರ್ ಏರಿಸುತ್ತಾ.

ಜೆಟ್ ಕೊಳ್ಳುವಾಗ ಹುಷಾರು. ಕಾರ್ಬೋರೇಟರ್ ಕಂಪನಿಗಳಲ್ಲಿ ಮಿಕುನಿ ನಂಬರ್ ಬೇರೆ, ಕೀಹಿನ್ ನಂಬರ್ ಬೇರೆ. ಎರಡರಲ್ಲೂ 110 ಅಂತ ಬರೆದಿದ್ದರೂ ತೂತು ಒಂದೇ ಅಲ್ಲ. ಜೆ.ಸಿ. ರೋಡಿನಲ್ಲಿ ಹೊಸ ಜೆಟ್ ಸಿಗದಿದ್ದರೆ ಹಳೆಯದಕ್ಕೇ ಸೂಜಿ ಹಾಕಿ ದೊಡ್ಡದು ಮಾಡಿಕೊಡುವವರು ಇದ್ದಾರೆ. ಕೈಮುಗಿದು ಬನ್ನಿ. ಆ ಹಿತ್ತಾಳೆ ತೂತಿನ ಅಂಚು ಒರಟಾದರೆ ಯಾವ ನಂಬರಿಗೂ ಬೆಲೆ ಇರುವುದಿಲ್ಲ.

ಮೇನ್ ಜೆಟ್ ಸರಿ ಇದೆಯಾ ಅಂತ ನೋಡಲು ಖಾಸಗಿ ಜಾಗದ ನೇರ ದಾರಿಯಲ್ಲಿ ಫುಲ್ ಥ್ರಾಟಲ್ ಕೊಟ್ಟು, ಹಾಗೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಳಿ ಸುಣ್ಣದ ಹಾಗಿದ್ದರೆ ಲೀನ್. ಮಸಿ ಇದ್ದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ತಿಳಿ ಕಾಫಿ ಬಣ್ಣ ಬೇಕು. ಇ20 ಪೆಟ್ರೋಲಿನಲ್ಲಿ ಬಣ್ಣ ಮೊದಲಿನಷ್ಟು ಗಾಢವಾಗಿ ಬರುವುದಿಲ್ಲ, ಸ್ವಲ್ಪ ಬಿಳಿಚಿಕೊಂಡೇ ಇರುತ್ತೆ. ಅದನ್ನು ನೋಡಿ ಹೆದರಿ ಜೆಟ್ ಏರಿಸುತ್ತಾ ಹೋಗಬೇಡಿ.

ಇಷ್ಟೆಲ್ಲ ಮಾಡಿದರೆ ಸಿಗುವುದೇನು? ಇಂಪಲ್ಸ್ ಇಂಜಿನ್ ಹೊಸದಿದ್ದಾಗ 13 ಪಿಎಸ್ (ಇಂಜಿನ್ ಬಲದ ಅಳತೆ) ಚಿಲ್ಲರೆ. ಸೈಲೆನ್ಸರ್, ಕ್ಯಾಮ್ ಎಲ್ಲ ಹಾಗೇ ಇಟ್ಟು ಬರೀ ಬಾಕ್ಸ್ ತೆರೆದರೆ ಅರ್ಧ ಪಿಎಸ್ ಬಂದರೆ ಪುಣ್ಯ. ಅದೂ ಮೇಲಿನ ಆರ್‌ಪಿಎಮ್‌ನಲ್ಲಿ, ಅಂದರೆ ಇಂಜಿನ್ ತುಂಬಾ ವೇಗವಾಗಿ ಸುತ್ತುವಾಗ. ಟ್ರೇಲ್‌ನಲ್ಲಿ ನೀವು ಅಲ್ಲಿರುವುದೇ ಅಪರೂಪ. ಏರ್‌ಬಾಕ್ಸಿನ ಗಾತ್ರ, ಕೊಳವೆಯ ಉದ್ದ ಎಲ್ಲ ಸೇರಿ ಕೆಳಗಿನ, ನಡುವಿನ ಆರ್‌ಪಿಎಮ್‌ಗೆ ಗಾಳಿಯ ಮಿಡಿತವನ್ನು ಹೊಂದಿಸಿರುತ್ತವೆ. ಬಾಕ್ಸ್ ಕೊಯ್ದರೆ ದಿಣ್ಣೆ ಹತ್ತುವಾಗ ಬೇಕಾದ ಆ ಕೆಳಗಿನ ಬಲವೇ ಮೊದಲು ಹೋಗುವುದು. ಸೌಂಡ್ ಜಾಸ್ತಿಯಾದಾಗ ಗಾಡಿ ಫಾಸ್ಟ್ ಆದ ಹಾಗೆ ಅನ್ನಿಸುತ್ತೆ. ಕಿವಿಯ ಮಾತು ನಂಬಬೇಡಿ, ಒಂದೇ ದಿಣ್ಣೆಗೆ ಟೇಪ್ ಹಾಕಿ ಒಂದು ಸಲ, ತೆಗೆದು ಒಂದು ಸಲ ಹತ್ತಿಸಿ ನೋಡಿ.

ಪ್ರಶ್ನೆ: ಅಣ್ಣಾ, ಯಮಹಾ ಆರ್‌ಎಕ್ಸ್ 100ಗೆ ಬಾಕ್ಸ್ ಕಿತ್ತು ನೇರ ಕಾರ್ಬೋರೇಟರಿಗೇ ಸಿಕ್ಕಿಸುವ ಪಾಡ್ ಫಿಲ್ಟರ್ ಹಾಕಿ ಡರ್ಟ್ ಗಾಡಿ ಮಾಡಬೇಕು ಅಂತಿದ್ದೀನಿ. ಶಿವಾಜಿನಗರದಲ್ಲಿ ಕಡಿಮೆ ರೇಟಿಗೆ ಅಂಥ ಫಿಲ್ಟರ್ ಒಂದು ನೋಡಿದ್ದೀನಿ. ಓಕೆನಾ?
— ಕಮ್ಮನಹಳ್ಳಿ

ಉತ್ತರ: ಬೇಡ. ನಿಮ್ಮ ಆರ್‌ಎಕ್ಸ್‌ನಂಥ ಟೂ ಸ್ಟ್ರೋಕಿನಲ್ಲಿ ಗಾಳಿ ಮೊದಲು ಹೋಗುವುದು ಇಂಜಿನ್ನಿನ ತಳದ ಕ್ರ್ಯಾಂಕ್ ಕೇಸಿಗೆ, ಆಮೇಲೆ ಪಿಸ್ಟನ್ ಓಡಾಡುವ ಬೋರಿಗೆ. ಫಿಲ್ಟರ್ ದಾಟಿದ ಧೂಳು ಬಿಗ್ ಎಂಡ್, ಕ್ರ್ಯಾಂಕ್ ಬೇರಿಂಗ್ ತಿಂದುಕೊಂಡೇ ಮೇಲೆ ಬರುತ್ತೆ. ಲೀನ್ ಆದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ, ಅದೂ ಫುಲ್ ಥ್ರಾಟಲ್‌ನಲ್ಲಿ, ಹಿಂದಿನ ಚಕ್ರ ಲಾಕ್ ಆಗಿ.

ಇನ್ನೊಂದು ಮಾತು. ಬಯಲಿಗೆ ಬಿದ್ದ ಪಾಡ್ ಫಿಲ್ಟರ್ ಇಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತೆ. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಅದರ ತೂಕ ಸುಮಾರು ಒಂದು ಪರ್ಸೆಂಟ್ ಇಳಿಯುತ್ತೆ. ಮೂವತ್ತು ಡಿಗ್ರಿ ಜಾಸ್ತಿಯಾದರೆ ಹತ್ತು ಪರ್ಸೆಂಟ್ ಹೋಯಿತು. ಮೊದಲೇ ಸಮುದ್ರಮಟ್ಟಕ್ಕಿಂತ 900 ಮೀಟರ್ ಚಿಲ್ಲರೆ ಮೇಲಿರುವ ಬೆಂಗಳೂರಿನ ಗಾಳಿ ಮಂಗಳೂರಿನ ಗಾಳಿಗಿಂತ ಎಂಟೊಂಬತ್ತು ಪರ್ಸೆಂಟ್ ಹಗುರ. ಇನ್ನೂ ಯಾಕೆ ಕಳೆದುಕೊಳ್ಳುತ್ತೀರಿ? ಆ ಬಾಕ್ಸ್ ಚೆನ್ನಾಗಿದ್ದರೆ ಕಿತ್ತು ಬಿಸಾಡಬೇಡಿ, ಆರ್‌ಎಕ್ಸ್‌ನ ಒಳ್ಳೇ ಬಾಕ್ಸ್ ಹುಡುಕಿಕೊಂಡು ಬರುವವರು ನನ್ನ ಗ್ಯಾರೇಜಿಗೆ ಈಗಲೂ ಬರುತ್ತಾರೆ.

ಪ್ರಶ್ನೆ: ನನ್ನದು ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಅಡ್ವೆಂಚರ್ ಬೈಕ್. ಏರ್‌ಬಾಕ್ಸ್ ತೆರೆದರೂ ಇಸಿಯು (ಗಾಡಿಯ ಕಂಪ್ಯೂಟರ್) ತಾನೇ ಅಡ್ಜಸ್ಟ್ ಮಾಡಿಕೊಳ್ಳುತ್ತೆ, ಕಾರ್ಬೋರೇಟರ್ ತಲೆನೋವು ಇಲ್ಲ ಅಂತಾರೆ. ಹೌದೇ?
— ಐಟಿ ಉದ್ಯೋಗಿ, ಬೆಳ್ಳಂದೂರು

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತೆ. ಆದರೆ ಒಂದೇ ಸಮ ಹೋಗುವಾಗ ಮಾತ್ರ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಇಸಿಯು ಆ ಸೆನ್ಸರಿನ ಮಾತು ಕೇಳುವುದಿಲ್ಲ, ಕಂಪನಿಯಲ್ಲಿ ಬರೆದಿಟ್ಟ ಮ್ಯಾಪ್ ಅನ್ನುವ ಪಟ್ಟಿಯ ಪ್ರಕಾರವೇ ಪೆಟ್ರೋಲ್ ಬಿಡುತ್ತೆ. ಆ ಮ್ಯಾಪ್ ಬರೆದದ್ದು ತೂತಿಲ್ಲದ ಬಾಕ್ಸಿಗೆ. ನಿಮಗೆ ಪವರ್ ಬೇಕಿರುವುದೂ ಆಗಲೇ ಅಲ್ವಾ?

ಸಾಮಾನ್ಯವಾಗಿ ಬರುವ ಆ ಸೆನ್ಸರ್‌ಗೆ ಗೊತ್ತಾಗುವುದು ಲೀನಾ ರಿಚ್ಚಾ ಅಂತ ಮಾತ್ರ, ಎಷ್ಟು ಅಂತ ಗೊತ್ತಾಗುವುದಿಲ್ಲ. ಇಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಕೊಳವೆಯ ಒತ್ತಡ ಅಳೆಯುವ ಸೆನ್ಸರ್ ಇರುವ ಗಾಡಿ ಗಾಳಿ ಹೆಚ್ಚಿದ್ದನ್ನು ತಕ್ಕಮಟ್ಟಿಗೆ ಗುರುತಿಸುತ್ತೆ. ಬರೀ ಥ್ರಾಟಲ್ ಎಷ್ಟು ತಿರುಗಿದೆ, ಆರ್‌ಪಿಎಮ್ ಎಷ್ಟು ಅಂತ ನೋಡಿ ಲೆಕ್ಕ ಹಾಕುವ ಗಾಡಿಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ ವೈರ್ ಕಿತ್ತು ಹಾಕಿದರೆ ಇಸಿಯು ಹೊಸ ಬಾಕ್ಸನ್ನು ಕಲಿಯುತ್ತೆ ಅನ್ನುವುದನ್ನೂ ಕೇಳಿರುತ್ತೀರಿ. ಕಲಿತಿದ್ದನ್ನು ಮರೆಯುತ್ತೆ, ಅಷ್ಟೇ.

ಮಾಡಲೇಬೇಕು ಅಂದರೆ ಪೆಟ್ರೋಲ್ ಪ್ರಮಾಣ ತಿದ್ದುವ ಫ್ಯುಯೆಲ್ ಕಂಟ್ರೋಲರ್ ಹಾಕಿಸಿ, ಪವರ್ ಅಳೆಯುವ ಡೈನೋ ಮೇಲೆ ನಿಲ್ಲಿಸಿ, ಎಷ್ಟು ಅಂತಲೂ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು ಟ್ಯೂನ್ ಮಾಡಿಸಿ. ಆ ದುಡ್ಡಿನಲ್ಲಿ ಒಳ್ಳೇ ಟೈರ್ ಜೋಡಿ ಬರುತ್ತೆ. ಕೆಂಪು ಮಣ್ಣಿನಲ್ಲಿ ನಿಮ್ಮನ್ನು ಮುಂದಕ್ಕೆ ತಳ್ಳುವುದು ಅದೇ.

ಪ್ರಶ್ನೆ: ಕೋಲಾರದ ಕಲ್ಲುಕ್ವಾರಿ ಕಡೆ ರೈಡ್ ಹೋಗಿ ಬಂದ ಮೇಲೆ ಫಿಲ್ಟರ್ ತೆಗೆದು ನೋಡಿದೆ. ಫಿಲ್ಟರ್ ದಾಟಿ ಇಂಜಿನ್ ಕಡೆಯ ಪೈಪಿನಲ್ಲೂ ಕೆಂಪು ಪುಡಿ ಇತ್ತು. ಫೋಮ್ (ಸ್ಪಂಜಿನ) ಫಿಲ್ಟರ್ ಹೊಸದೇ. ನಮ್ಮ ಮಾವ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಎಂಥ ಎಣ್ಣೆ ಹಾಕಬೇಕು, ಎಷ್ಟು ದಿನಕ್ಕೊಮ್ಮೆ?
— ಕೆ.ಆರ್. ಪುರ

ಉತ್ತರ: ಈ ತಿಂಗಳ ಒಳ್ಳೇ ಪ್ರಶ್ನೆ ಇದು. ಪವರ್ ಕೇಳಿದವರೆಲ್ಲ ಇದನ್ನು ಎರಡು ಸಲ ಓದಿ.

ಒಂದು ಲೆಕ್ಕ ನೋಡಿ. 200 ಸಿಸಿ ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಉಸಿರು ಎಳೆಯುತ್ತೆ. 8000 ಆರ್‌ಪಿಎಮ್‌ನಲ್ಲಿ ಫುಲ್ ಥ್ರಾಟಲ್ ಅಂದರೆ ನಿಮಿಷಕ್ಕೆ 4000 ಸಲ. ಪೂರ್ತಿ ತುಂಬಿದರೆ 800 ಲೀಟರ್. ತುಂಬುವುದಿಲ್ಲ, ಹಾಗಾಗಿ 700 ಅಂತ ಇಟ್ಟುಕೊಳ್ಳೋಣ. ರಸ್ತೆ ಬದಿಯಲ್ಲಿ ನೋಡುವ 200 ಲೀಟರಿನ ಡ್ರಮ್ಮು ಮೂರೂವರೆ, ಪ್ರತಿ ನಿಮಿಷ. ಮುಂದಿನ ಗಾಡಿ ಎಬ್ಬಿಸಿದ ಧೂಳಿನ ಮಧ್ಯದಿಂದ.

ಆ ಧೂಳು ಮೆತ್ತಗಿನ ಮಣ್ಣೂ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೆಲ ಗ್ರಾನೈಟಿನದು, ಅದರ ಪುಡಿಯಲ್ಲಿ ಬೆಣಚು ಇರುತ್ತೆ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚಿಗೆ ಹತ್ತರಲ್ಲಿ 7. ಮಾಮೂಲಿ ಕಬ್ಬಿಣದ ಬೋರ್ ಅದಕ್ಕಿಂತ ಮೆತ್ತಗೆ. ಪಿಸ್ಟನ್‌ಗೂ ಬೋರಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ. ಕಣ್ಣಿಗೆ ಕಾಣದ ಸೈಜಿನ ಪುಡಿಯೇ ಅಲ್ಲಿ ಕೂತು ಆಯಿಲ್ ಜೊತೆ ಸೇರಿ ಉಜ್ಜುತ್ತೆ. ಇಂಜಿನ್ ಬಿಚ್ಚಿದಾಗ ರಿಂಗ್ ತೆಳ್ಳಗಾಗಿ, ಬೋರ್‌ನಲ್ಲಿ ಉದ್ದಕ್ಕೆ ಗೀರು ಬಿದ್ದಿದ್ದರೆ ನಾನು ಮೊದಲು ಕೇಳುವುದು ಫಿಲ್ಟರ್ ಎಲ್ಲಿ ಅಂತ.

ನಿಮ್ಮ ಫೋಮ್ ಹೊಸದೇ ಇರಬಹುದು. ಪುಡಿ ಫೋಮ್ ದಾಟಿ ಬಂದಿರುವುದಕ್ಕಿಂತ ಪಕ್ಕದಿಂದ ನುಗ್ಗಿರುವುದೇ ಜಾಸ್ತಿ ಸಾಧ್ಯ. ಫಿಲ್ಟರ್ ಕೂರುವ ಅಂಚು ಸೊಟ್ಟ ಇರಬಹುದು, ಬಾಕ್ಸ್ ಬಿರುಕು ಬಿಟ್ಟಿರಬಹುದು, ಪೈಪಿನ ಕ್ಲಿಪ್ ಸಡಿಲ ಆಗಿರಬಹುದು. ರಾತ್ರಿ ಲೈಟ್ ಆರಿಸಿ ಸಣ್ಣ ಟಾರ್ಚ್ ಹಚ್ಚಿ ಬಾಕ್ಸಿನ ಒಳಗಿಡಿ. ಎಲ್ಲಿ ಬೆಳಕು ಸೋರುತ್ತೋ ಅಲ್ಲಿ ಧೂಳೂ ಸೋರುತ್ತೆ. ಇನ್ನೊಂದು ಪರೀಕ್ಷೆ: ಫಿಲ್ಟರಿನಿಂದ ಇಂಜಿನ್ ಕಡೆಗೆ ಹೋಗುವ ಪೈಪಿನ ಒಳಗೋಡೆಗೆ ತೆಳ್ಳಗೆ ಗ್ರೀಸ್ ಸವರಿ. ಒಂದು ರೈಡ್ ಆದ ಮೇಲೆ ಬೆರಳಾಡಿಸಿ. ಮರಳು ಮರಳು ಅನ್ನಿಸಿದರೆ ಇನ್ನೂ ಸೋರುತ್ತಿದೆ. ಫಿಲ್ಟರಿನ ಅಂಚಿಗೆ ನೀರಿಗೆ ಹೋಗದಂಥ ಗ್ರೀಸ್ ಹಚ್ಚಿ ಕೂರಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತೆ.

ಎಣ್ಣೆ ಇಲ್ಲದ ಫೋಮ್ ಬರೀ ಜರಡಿ. ಅದರ ತೂತು ದೊಡ್ಡವು, ಸಣ್ಣ ಪುಡಿ ಹಿಡಿಯುವುದು ಅಂಟು ಎಣ್ಣೆಯೇ. ಫೋಮ್ ಫಿಲ್ಟರ್ ಆಯಿಲ್ ಅಂತಲೇ ಸಿಗುತ್ತೆ. ಹಾಕುವಾಗ ನೀರಾಗಿದ್ದು, ಆಮೇಲೆ ಅಂಟಂಟಾಗಿ ನಿಲ್ಲುತ್ತೆ. ಮಾಮೂಲಿ ಇಂಜಿನ್ ಆಯಿಲ್ ಹಾಕಿದರೆ ಎರಡು ದಿನದಲ್ಲಿ ಇಳಿದು ಬಾಕ್ಸಿನ ತಳ ಸೇರುತ್ತೆ, ಫೋಮಿನ ಮೇಲರ್ಧ ಒಣಗಿರುತ್ತೆ. ಊರಲ್ಲಿ ಏನೂ ಸಿಗದೆ ಪರದಾಡುವಾಗ ಗೇರ್ ಆಯಿಲ್ ಅದಕ್ಕಿಂತ ವಾಸಿ.

ಕೊಬ್ಬರಿ ಎಣ್ಣೆ ಬಗ್ಗೆ: ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ 15-16 ಡಿಗ್ರಿ. ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಫಿಲ್ಟರಿನಲ್ಲೂ ಆಗುತ್ತೆ. ಮಧ್ಯಾಹ್ನ ಬಿಸಿಲಿಗೆ ಕರಗಿ ಸೋರುತ್ತೆ. ಎರಡೂ ಕಡೆ ನಷ್ಟ. ತಲೆಗೇ ಇರಲಿ.

ತೊಳೆಯುವಾಗ ಪೆಟ್ರೋಲ್ ಬೇಡ. ಫೋಮ್ ಅಂಟಿಸಿದ ಗೋಂದು ಬಿಟ್ಟುಹೋಗುತ್ತೆ, ಬೆಂಕಿಯ ಭಯ ಬೇರೆ. ಫಿಲ್ಟರ್ ಕ್ಲೀನರ್ ಇಲ್ಲವೇ ಸೀಮೆಎಣ್ಣೆಯಲ್ಲಿ ಅದ್ದಿ ಹಿಚುಕಿ, ಆಮೇಲೆ ಪಾತ್ರೆ ಸೋಪಿನ ಬಿಸಿನೀರು. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ, ಹೊಲಿಗೆ ಹರಿಯುತ್ತೆ. ನೆರಳಲ್ಲಿ ಪೂರ್ತಿ ಒಣಗಲಿ. ಕವರಿನೊಳಗೆ ಹಾಕಿ ಎಣ್ಣೆ ಸುರಿದು ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ನಾದಿ, ಜಾಸ್ತಿಯಾದದ್ದು ಹಿಚುಕಿ ತೆಗೆಯಿರಿ.

ಎಷ್ಟು ದಿನಕ್ಕೊಮ್ಮೆ ಅಂದರೆ, ಧೂಳಿನ ರೈಡ್ ಆದರೆ ಪ್ರತಿ ರೈಡಿಗೆ. ಜಾಸ್ತಿ ಅನ್ನಿಸಿತಾ? ಮರುಭೂಮಿಯ ಉದ್ದದ ಓಟವಾದ ಡಕಾರ್ ರ್‍ಯಾಲಿಯಲ್ಲಿ ಸಂಜೆ ಗಾಡಿ ಕ್ಯಾಂಪಿಗೆ ಬಂದ ಮೇಲೆ ಮೆಕ್ಯಾನಿಕ್‌ಗಳು ಬದಲಿಸುವ ಸಾಮಾನುಗಳಲ್ಲಿ ಏರ್ ಫಿಲ್ಟರ್ ಇದ್ದೇ ಇರುತ್ತೆ. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ ನಮ್ಮ ಸಿ.ಎಸ್. ಸಂತೋಷ್. ಅಂಥ ಓಟದ ಗಾಡಿಗಳಿಗೇ ಅಷ್ಟು ಆರೈಕೆ ಬೇಕು ಅಂದಮೇಲೆ ನಮ್ಮ ಗಾಡಿಗಳಿಗೆ ವಾರಕ್ಕೊಂದು ಸ್ನಾನ ದುಬಾರಿಯೇನಲ್ಲ. ಎರಡು ಫೋಮ್ ಇಟ್ಟುಕೊಳ್ಳಿ, ಒಂದು ಗಾಡಿಯಲ್ಲಿ, ಇನ್ನೊಂದು ಎಣ್ಣೆ ಹಚ್ಚಿ ಕವರಿನಲ್ಲಿ.

ಪೇಪರ್ ಫಿಲ್ಟರ್ ಇರುವವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದನ್ನು ತೊಳೆಯಬೇಡಿ, ಎಣ್ಣೆ ಹಾಕಬೇಡಿ, ವಾಟರ್ ಸರ್ವೀಸ್ ಅಂಗಡಿಯ ಗಾಳಿ ಪೈಪ್ ಹತ್ತಿರ ಹಿಡಿದು ಊದಬೇಡಿ. ಹೊಸದು ಹಾಕಿ.

ಪ್ರಶ್ನೆ: ನಮ್ಮ ತಂದೆಯವರ ಕಾಫಿ ತೋಟ ಸಕಲೇಶಪುರದ ಹತ್ತಿರ. ತೋಟದ ಕೆಲಸಕ್ಕೆ ನಾಲ್ಕು ಚಕ್ರದ ಒಂದು ಆಟೋಮ್ಯಾಟಿಕ್ ಕ್ವಾಡ್ ಬೈಕ್ ಇದೆ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಒಂದು ಸಲ ನೀರು ಎಳೆದುಕೊಂಡು ನಿಂತುಹೋಯಿತು. ಗಾಳಿ ಎಳೆಯುವ ಬಾಯಿ ಎತ್ತರಿಸಲು ಪಿವಿಸಿ ಪೈಪಿನಲ್ಲಿ ಸ್ನಾರ್ಕೆಲ್ ಮಾಡಿಸಬೇಕು ಅಂತ ಇದ್ದೇನೆ. ಹೇಗೆ ಮಾಡಿಸಲಿ?
— ಮಲ್ಲೇಶ್ವರ

ಉತ್ತರ: ಇಲ್ಲಿ ಮಾಡಿಫಿಕೇಶನ್‌ಗೆ ನಿಜವಾದ ಕಾರಣ ಇದೆ, ಆದ್ದರಿಂದ ಖುಷಿಯಿಂದ ಹೇಳುತ್ತೇನೆ.

ಮೊದಲು ಮೂಗು ಎಷ್ಟಿದೆ ಎಣಿಸಿ. ಆಟೋಮ್ಯಾಟಿಕ್ ಕ್ವಾಡ್‌ಗೆ ಒಂದೇ ಮೂಗಲ್ಲ. ಇಂಜಿನ್ನಿನ ಏರ್‌ಬಾಕ್ಸಿಗೆ ಒಂದು. ಒಳಗೆ ಬೆಲ್ಟ್ ಓಡುವ ಸಿವಿಟಿ (ಆಟೋಮ್ಯಾಟಿಕ್ ಗೇರ್) ಡಬ್ಬಿಗೆ ಗಾಳಿ ಬರಲು ಒಂದು, ಬಿಸಿಗಾಳಿ ಹೋಗಲು ಒಂದು. ಊರಲ್ಲಿ ಸ್ನಾರ್ಕೆಲ್ ಮಾಡಿಕೊಡುವವರು ಎಷ್ಟೋ ಸಲ ಮೊದಲನೆಯದನ್ನು ಮಾತ್ರ ಎತ್ತರಿಸುತ್ತಾರೆ. ಆಗ ಇಂಜಿನ್ ಓಡುತ್ತಿರುತ್ತೆ, ಬೆಲ್ಟ್ ಒದ್ದೆಯಾಗಿ ಜಾರುತ್ತೆ, ಗಾಡಿ ಹಳ್ಳದ ನಡುವೆ ನಿಲ್ಲುತ್ತೆ. ಮೂರನ್ನೂ ಹ್ಯಾಂಡಲ್ ಮಟ್ಟಕ್ಕೆ ತನ್ನಿ. ಗೇರ್ ಬಾಕ್ಸ್, ಡಿಫರೆನ್ಷಿಯಲ್‌ನ ಸಣ್ಣ ಬ್ರೀದರ್ (ಉಸಿರಾಟದ) ಟ್ಯೂಬುಗಳೂ ಇರುತ್ತವೆ. ಬಿಸಿ ಗೇರ್ ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಆ ಟ್ಯೂಬಿನಲ್ಲೇ ನೀರು ಎಳೆದುಕೊಳ್ಳುತ್ತೆ. ಅವನ್ನೂ ಮೇಲಕ್ಕೆ ಕಟ್ಟಿ.

ಪೈಪಿನ ಒಳಅಳತೆ ಕಂಪನಿ ಬಾಯಿಗಿಂತ ಸಣ್ಣದಾಗಬಾರದು. ಉದ್ದ ಮತ್ತು ತಿರುವು ಜಾಸ್ತಿಯಾದಷ್ಟೂ ಗಾಳಿಗೆ ಅಡ್ಡಿ. ಹಾಗಾಗಿ 90 ಡಿಗ್ರಿ ಎಲ್ಬೋ ಬದಲು 45 ಡಿಗ್ರಿಯವು ಎರಡು ಹಾಕಿ. ಇಂಜಿನ್ ಅಲುಗಾಡುವ ಕಡೆ ಪಿವಿಸಿ ಬಿರುಕು ಬಿಡುತ್ತೆ, ಅಲ್ಲಿ ರಬ್ಬರ್ ಕಪ್ಲರ್ ಮತ್ತು ಕ್ಲಾಂಪ್ ಕೊಡಿ. ಸೈಲೆನ್ಸರ್ ಹತ್ತಿರ ಪಿವಿಸಿ ಹಾಯಿಸಬೇಡಿ. ಪೈಪ್ ಕೊಯ್ದ ಮೇಲೆ ಒಳಗಿನ ಹುಡಿಯನ್ನು ತೊಳೆದು ತೆಗೆಯಿರಿ. ಮೇಲಿನ ಬಾಯಿ ಮುಂದಕ್ಕೆ ನೋಡಬಾರದು, ಕೊಂಬೆ ಎಲೆ ಮಳೆ ಎಲ್ಲ ನುಗ್ಗುತ್ತೆ. ಪೈಪ್ ಎತ್ತಿದ ಮೇಲೂ ಏರ್‌ಬಾಕ್ಸ್ ಮುಚ್ಚಳ, ತಳದ ಡ್ರೈನ್ ಟ್ಯೂಬ್ ಸೋರಿದರೆ ಸ್ನಾರ್ಕೆಲ್ ಬರೀ ಶೋಕಿ. ಮುಗಿದ ಮೇಲೆ ಇಂಜಿನ್ ಸ್ಲೋನಲ್ಲಿ ಓಡುವಾಗ ಇಂಜಿನ್ ಮೂಗನ್ನು ಅಂಗೈಯಿಂದ ಮುಚ್ಚಿ. ಇಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಇನ್ನೆಲ್ಲಿಂದಲೋ ಉಸಿರಾಡುತ್ತಿದೆ, ಅಲ್ಲಿಂದ ನೀರೂ ಬರುತ್ತೆ.

ಇನ್ನು ಎಚ್ಚರಿಕೆ. ಸ್ನಾರ್ಕೆಲ್ ಹಾಕಿದ್ದೇವೆ ಅಂತ ಆಳಕ್ಕೆ ಇಳಿಯಬೇಡಿ. ಕ್ವಾಡ್‌ನ ದಪ್ಪ ಟೈರಿನಲ್ಲಿ ಗಾಳಿ ಎಷ್ಟಿರುತ್ತೆ ಯೋಚಿಸಿ. ನೀರು ಏರಿದರೆ ಗಾಡಿ ತೇಲಲು ಶುರು ಮಾಡುತ್ತೆ, ಹಿಡಿತ ಹೋಗುತ್ತೆ, ಹರಿವಿಗೆ ಮಗುಚುತ್ತೆ. ಕಾಲಿಡುವ ಜಾಗ ಮುಳುಗುವಷ್ಟು ನೀರಿದ್ದರೆ ಅವತ್ತು ಸುತ್ತುದಾರಿಯೇ ದಾರಿ. ಮಲೆನಾಡಿನ ಹಳ್ಳ ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಅರ್ಧ ಗಂಟೆಯಲ್ಲಿ ಬದಲಾಗುತ್ತೆ, ನಿಮ್ಮ ತಂದೆಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಮತ್ತೆ ನೀರು ಎಳೆದುಕೊಂಡರೆ ಸೆಲ್ಫ್ ಒತ್ತಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲು ಆಗುವುದಿಲ್ಲ. ಪಿಸ್ಟನ್ ಮೇಲೆ ನೀರು ನಿಂತಿದ್ದಾಗ ಕ್ರ್ಯಾಂಕ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಗಾಡಿಯನ್ನು ಎಳೆದು ದಡಕ್ಕೆ ತನ್ನಿ, ಪ್ಲಗ್ ಬಿಚ್ಚಿ, ಆಮೇಲೆ ತಿರುಗಿಸಿ ನೀರು ಚಿಮ್ಮಿಸಿ. ಏರ್‌ಬಾಕ್ಸ್ ಖಾಲಿ ಮಾಡಿ, ಫಿಲ್ಟರ್ ಒಣಗಿಸಿ. ಆಯಿಲ್ ಹಾಲುಕಾಫಿ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿ. ಸಿವಿಟಿ ಡಬ್ಬಿಯ ತಳದಲ್ಲಿ ಡ್ರೈನ್ ಪ್ಲಗ್ ಇರುತ್ತೆ, ಅದನ್ನೂ ತೆಗೆದು ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಿ ಬೆಲ್ಟ್ ಒಣಗಿಸಿ.

ಪ್ರಶ್ನೆ: ಏರ್‌ಬಾಕ್ಸ್ ಬದಲಿಸಿದರೆ ಪೊಲೀಸರು ಹಿಡಿಯುತ್ತಾರಾ? ಇಂಪಲ್ಸ್‌ಗೆ ಕರಿಜ್ಮಾ ಇಂಜಿನ್ ಕೂರಿಸಿದವರನ್ನೂ ನೋಡಿದ್ದೇನೆ.
— ಯಲಹಂಕ

ಉತ್ತರ: ಹಿಡಿಯುತ್ತಾರಾ ಇಲ್ವಾ ಅನ್ನುವುದು ಅದೃಷ್ಟದ ಮಾತು, ಕಾನೂನು ಏನು ಹೇಳುತ್ತೆ ಅದನ್ನು ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲಿರುವ ನಂಬರೇ ತಾಳೆಯಾಗುವುದಿಲ್ಲ. ಕ್ಲೇಮ್ ಮಾಡುವಾಗ ಇನ್ಶೂರೆನ್ಸಿನವರೂ ಇದನ್ನೇ ಎತ್ತುತ್ತಾರೆ. ಟ್ರ್ಯಾಕಿಗೆ ಮಾತ್ರ ಅಂತ ಮಾಡಿದ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ.

ಪ್ರಶ್ನೆ: ನಮಸ್ಕಾರ ಸರ್. ನನಗೆ ಗಾಡಿ ವಿಷಯ ತಿಳಿಯದು. ನಮ್ಮ ಹುಡುಗ ಬೈಕಿನ ಸೀಟ್ ಕೆಳಗಿನ ಡಬ್ಬಿಗೆ ಏನೋ ಕೊಯ್ದಿದ್ದಾನೆ. ಅವತ್ತಿಂದ ಗಾಡಿ ಗೊರ ಗೊರ ಅನ್ನುತ್ತೆ, ಎದುರು ಮನೆಯವರು ಮಾತಾಡುತ್ತಿದ್ದಾರೆ. ಕೇಳಿದರೆ 'ಇಂಜಿನ್ನಿಗೆ ಒಳ್ಳೇದಮ್ಮಾ' ಅಂತಾನೆ. ಅಪಾಯ ಏನಾದರೂ ಇದೆಯಾ?
— ಒಬ್ಬ ತಾಯಿ, ಹನುಮಂತನಗರ

ಉತ್ತರ: ಅಮ್ಮಾ, ಅವನ ಪ್ರಾಣಕ್ಕೆ ಇದರಿಂದ ಅಪಾಯ ಇಲ್ಲ, ಗಾಬರಿ ಬೇಡ. ಆ ಡಬ್ಬಿ ಧೂಳು ತಡೆಯುವುದರ ಜೊತೆ ಇಂಜಿನ್ ಗಾಳಿ ಎಳೆಯುವ ಶಬ್ದವನ್ನೂ ಅಡಗಿಸುತ್ತೆ. ಕೊಯ್ದದ್ದರಿಂದ ಆ ಶಬ್ದ ಹೊರಗೆ ಬಂದಿದೆ. ಸೈಲೆನ್ಸರ್ ಮುಟ್ಟಿಲ್ಲ ಅನ್ನಿಸುತ್ತೆ.

ಅಪಾಯ ಇರುವುದು ಇಂಜಿನ್ನಿಗೆ ಮತ್ತು ನಿಮ್ಮ ಪರ್ಸಿಗೆ. ಬೈಯಬೇಡಿ, ಬೈದರೆ ಸೈಲೆನ್ಸರನ್ನೂ ಬದಲಿಸುತ್ತಾನೆ. ಹಳೇ ಬಿಳಿ ಪಂಚೆಯ ತುಂಡು ಕೊಟ್ಟು, ಫಿಲ್ಟರ್ ತೆಗೆದು ಅದರ ಹಿಂದಿನ, ಇಂಜಿನ್ ಕಡೆಯ ಪೈಪಿನ ಒಳಗೆ ಒರೆಸಿ ತೋರಿಸು ಅನ್ನಿ. ಬಟ್ಟೆ ಧೂಳಿಂದ ಕೆಂಪಾಗಿ ಬಂದರೆ ಅವನಿಗೇ ಅರ್ಥವಾಗುತ್ತೆ. ಸವೆದ ಇಂಜಿನ್ ಬೋರನ್ನು ಮತ್ತೆ ಕೊರೆಸಿ (ರೀಬೋರ್) ಪಿಸ್ಟನ್ ಹಾಕಿಸಲು ಎಷ್ಟಾಗುತ್ತೆ ಅಂತ ಅವನೇ ವಿಚಾರಿಸಿಕೊಂಡು ಬರಲಿ, ಆಮೇಲೆ ಹೊಸ ಡಬ್ಬಿಯ ಬೆಲೆ ಕೇಳಲಿ.

ಪ್ರಶ್ನೆ: ಕಾರ್ಬೋರೇಟರ್ ಗಾಡಿಯಲ್ಲಿ ಲಡಾಖ್ ಹೋಗುತ್ತಿದ್ದೇವೆ. ಅಲ್ಲಿ ಗಾಳಿ ಕಡಿಮೆ, ಹಾಗಾಗಿ ಫಿಲ್ಟರ್ ತೆಗೆದು ಓಡಿಸಿ ಅಂತ ಒಬ್ಬರು ಹೇಳಿದರು.
— ನಾಗರಭಾವಿ

ಉತ್ತರ: ಗಾಳಿ ಕಡಿಮೆ ಅನ್ನುವುದು ನಿಜ. ಅಲ್ಲಿನ ಖರ್ದುಂಗ್ ಲಾ ಕಣಿವೆದಾರಿ 5300 ಮೀಟರಿಗಿಂತ ಎತ್ತರ. ಅಲ್ಲಿನ ಗಾಳಿಯ ತೂಕ ಬೆಂಗಳೂರಿನ ಗಾಳಿಯ ಮೂರರಲ್ಲಿ ಎರಡು ಪಾಲಿಗಿಂತ ಚೂರು ಕಡಿಮೆ. ಗಾಳಿ ಅಷ್ಟು ಇಳಿದರೂ ಪೆಟ್ರೋಲ್ ಅಷ್ಟು ಇಳಿಯುವುದಿಲ್ಲ, ಗಾಡಿ ರಿಚ್ ಆಗಿ ಕಪ್ಪು ಹೊಗೆ ಬಿಟ್ಟು ಮುಗ್ಗರಿಸುತ್ತೆ. ಬನಶಂಕರಿ ಹುಡುಗನ ಕಾಯಿಲೆಗೆ ಉಲ್ಟಾ ಇದು. ಹಾಗಾಗಿ ಅವರಿಗೆ ಬೇಡ ಅಂದ ಕೆಲಸ ನಿಮಗೆ ಅಲ್ಲಿ ಉಪಯೋಗಕ್ಕೆ ಬರಬಹುದು: ಫಿಲ್ಟರ್ ಇರಲಿ, ಏರ್‌ಬಾಕ್ಸಿನ ಗಾಳಿಬಾಯಿಗೆ ತುರುಕಿದ ಕೊಳವೆ ಮಾತ್ರ ತೆಗೆದಿಡಿ. ಸಾಲದಿದ್ದರೆ ನೀಡಲ್ ಒಂದು ಗೀರು ಇಳಿಸಿ, ಒಂದೆರಡು ನಂಬರ್ ಸಣ್ಣ ಮೇನ್ ಜೆಟ್ ಹಾಕಿ. ಬಿಚ್ಚಿದ ಜೆಟ್ಟನ್ನು ಹೆಸರು ಬರೆದು ಟೂಲ್ ಬ್ಯಾಗಿನಲ್ಲಿಡಿ, ಮನಾಲಿಗೆ ಇಳಿಯುವಾಗ ಅದನ್ನೇ ವಾಪಸ್ ಹಾಕಬೇಕು. ಫಿಲ್ಟರ್ ತೆಗೆಯಿರಿ ಅಂದವರ ಗಾಡಿ ಕೊಳ್ಳುವ ಯೋಚನೆ ಇದ್ದರೆ ಕಂಪ್ರೆಷನ್ ಚೆಕ್ ಮಾಡಿಸದೆ ಕೊಳ್ಳಬೇಡಿ.